ನಾಲ್ಕರಿಂದ ನಾಲ್ಕು ಹದಿನಾರರವರೆಗಿನ ಆಟಗಾರ

ಅಳತೆ ಮತ್ತು ತೂಕ ಮಂಡಳಿಯ ಬ್ಯಾಸ್ಕೆಟ್‌ಬಾಲ್ ತಂಡವು ಒಂದೇ ವರ್ಷದಲ್ಲಿ ಹತ್ತೊಂಬತ್ತು ಪಂದ್ಯಗಳನ್ನಾಡಿ ಹತ್ತೊಂಬತ್ತನ್ನೂ ಸೋತಿತು. ಈ ಸಂಬಂಧ ಕರೆಯಲಾದ ವಿಶೇಷ ಸಭೆಯು ದಾಖಲೆಗಳನ್ನೆಲ್ಲ ಪರಿಶೀಲಿಸಿ, ತಂಡವು ಸೋಲುತ್ತಿಲ್ಲ, ಪುನರ್ನಿರ್ಮಾಣದ ಹಂತದಲ್ಲಿದೆ ಎಂಬುದನ್ನು ಸರ್ವಾನುಮತದಿಂದ ಕಂಡುಕೊಂಡಿತು. ಕಟ್ಟಡ ಕಟ್ಟುವಲ್ಲಿ ಧೂಳೇಳುವುದು ಸಹಜ. ಆ ಧೂಳಿಗೆ ಸೋಲು ಎಂದು ಹೆಸರಿಡುವುದು ತಾಂತ್ರಿಕವಾಗಿ ಸರಿಯಲ್ಲವೆಂದು ನಡಾವಳಿ ಪುಸ್ತಕದ ಆರನೆಯ ಪುಟದಲ್ಲಿದೆ. ಆಸಕ್ತರು ಕಚೇರಿಯ ವೇಳೆಯಲ್ಲಿ ಬಂದು ನೋಡಬಹುದು.

ಪುನರ್ನಿರ್ಮಾಣವೆಂದರೆ ಹೊಸಬರನ್ನು ತೆಗೆದುಕೊಳ್ಳುವುದು. ಅಂಕಣದಲ್ಲಿ ಒಂದು ತಂಡದಿಂದ ಐದು ಮಂದಿ ಆಡುತ್ತಾರೆ. ನಮ್ಮಲ್ಲಿ ಕ್ಯಾಪ್ಟನ್ನರೂ ಸೇರಿ ನಾಲ್ವರು ಕಾಯಂ ನೌಕರರು. ನಿವೃತ್ತಿಯಾಗುವ ತನಕ ಅವರನ್ನು ಅಂಕಣದಿಂದ ಅಲುಗಿಸಲು ಸೇವಾ ನಿಯಮಗಳಲ್ಲಿ ಅವಕಾಶವಿಲ್ಲ. ಉಳಿದದ್ದು ಒಂದೇ ಜಾಗ: ಬುಟ್ಟಿಯ ಹತ್ತಿರ ನಿಂತು ಚೆಂಡನ್ನು ಅದರೊಳಗೆ ಹಾಕಬೇಕಾದ ಫಾರ್ವರ್ಡ್‌ನದು. ಆ ಒಂದು ಜಾಗಕ್ಕೆ ಐವರು ಯುವಕರನ್ನು ತೆಗೆದುಕೊಳ್ಳಲಾಯಿತು. ಒಂದು ಜಾಗಕ್ಕೆ ಐವರೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಏಳಲಿಲ್ಲ. ಮಂಡಳಿಯಲ್ಲಿ ಅಧ್ಯಕ್ಷರೂ ಸೇರಿ ಸದಸ್ಯರು ನಾಲ್ವರು. ನಾಲ್ವರ ಮನೆಯಲ್ಲೂ ಕೆಲಸವಿಲ್ಲದೆ ಉದ್ದವಾಗುತ್ತಿದ್ದ ಒಬ್ಬೊಬ್ಬ ಹುಡುಗನಿದ್ದ. ಐದನೆಯವನನ್ನು ಆಟ ನೋಡಿ ಆರಿಸಲಾಯಿತು. ಕನಿಷ್ಠ ಒಬ್ಬನನ್ನಾದರೂ ಹಾಗೆ ಆರಿಸಬೇಕೆಂದು ನಿಯಮವಿದ್ದುದರಿಂದ ಅದು ಅನಿವಾರ್ಯವಾಗಿತ್ತು.

ಈ ಐದನೆಯವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಆರಡಿ ಐದಂಗುಲ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಅಕ್ಕ ಅವನನ್ನು ಸಾಕಿದ್ದಳು. ಲಾಂಡ್ರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ತಗ್ಗಿಸಿ ಅಭ್ಯಾಸವಾಗಿ, ಹೊರಗಿನವರು ಅವನನ್ನು ಬಹಳ ವಿನಯವಂತನೆಂದು ತಿಳಿದಿದ್ದರು. ಐವರಿಗೂ ಒಂದು ಋತುವಿನ ಪರೀಕ್ಷಾರ್ಥ ಅವಧಿ. ಋತು ಮುಗಿದ ಮೇಲೆ ಯಾರ ಆಟದ ವಹಿ ಎಲ್ಲರದಕ್ಕಿಂತ ಶುದ್ಧವಾಗಿದೆಯೋ ಅವನೊಬ್ಬನಿಗೆ ಕಾಯಂ ಆದೇಶ. ಉಳಿದವರಿಗೆ ಶುಭ ಹಾರೈಕೆ.

"ಕಾಯಂ ಆಗೋವರೆಗೂ ಬಾಯಿ ಬಿಡಬೇಡ," ಎಂದಳು ಅಕ್ಕ, ಅವನ ಹೊಸ ಅಂಗಿಯ ತೋಳಿಗೆ ಇಸ್ತ್ರಿ ಒತ್ತುತ್ತ.

"ಅಕ್ಕಾ, ಇದು ಬಾಯಿ ಕೆಲಸ ಅಲ್ಲ, ಕೈ ಕೆಲಸ."

"ಹಾಗಾದ್ರೆ ಕೈನೂ ಜಾಸ್ತಿ ಬಿಡಬೇಡ. ಹೇಳಿದಷ್ಟು ಮಾಡು."

"ನೀನು ಒಂದು ದಿನ ಬಂದು ನೋಡಬೇಕು. ನಾನು ಆಡೋದನ್ನ ನೀನು ನೋಡೇ ಇಲ್ಲ."

"ಬೀದೀಲಿ ನೋಡಿದೀನಲ್ಲ, ಎದುರು ಮನೆ ಕಿಟಕಿ ಗಾಜು ಸಮೇತ."

"ಅದಲ್ಲ. ಸೀಟಿ ಊದಿ, ಜನ ಕೂತು, ಸರಿಯಾಗಿ ಆಡೋದು."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಕೊನೇ ಪಂದ್ಯಕ್ಕೆ ಬರ್ತೀನಿ. ರಜ ಈಗಲೇ ಬರೆದು ಕೊಟ್ಟಿರ್ತೀನಿ, ಆಗ ಹೇಗೋ ಸಿಗುತ್ತೆ."

ಇನ್ನು ಆಟದ ಸಮಯದ ಹಂಚಿಕೆ. ತಂಡದ ಕೋಚ್ ಹಿಂದೆ ಸ್ವತಃ ಆಟಗಾರರಾಗಿದ್ದು, ಎರಡೂ ಮೊಣಕಾಲುಗಳನ್ನು ಆಟಕ್ಕೆ ಕೊಟ್ಟು, ಆ ಕಾರಣಕ್ಕೇ ತಮಗೆ ಆಟ ಗೊತ್ತಿದೆಯೆಂದು ನಂಬಿದ್ದವರು. ಹಂಚಿಕೆಯ ಬಗ್ಗೆ ಅವರ ಅಭಿಪ್ರಾಯ ಕೇಳಿದಾಗ ಅವರು ಕೊಟ್ಟ ಉತ್ತರವು ಮಂಡಳಿಯನ್ನು ಕಳವಳಕ್ಕೀಡುಮಾಡಿತು.

"ಚೆನ್ನಾಗಿ ಆಡೋರನ್ನ ಜಾಸ್ತಿ ಹೊತ್ತು ಆಡಿಸ್ತೀನಿ ಸರ್."

"ಚೆನ್ನಾಗಿ ಅಂದ್ರೆ ಎಷ್ಟು ಗ್ರಾಂ, ಕೋಚ್ ಸಾಹೇಬ್ರೇ?" ಎಂದರು ಅಧ್ಯಕ್ಷರು.

"ನೋಡಿದ್ರೆ ಗೊತ್ತಾಗುತ್ತೆ ಸರ್."

"ಅಂಗಡಿಯವರೂ ಹಾಗೇ ಹೇಳ್ತಾರೆ. ಕೈಯಲ್ಲಿ ಹಿಡಿದ್ರೆ ತೂಕ ಗೊತ್ತಾಗುತ್ತೆ ಅಂತಾರೆ. ಅಂಥವರನ್ನ ಹಿಡಿಯೋಕೇ ಅಲ್ವೇನ್ರೀ ಈ ಮಂಡಳಿ ಇರೋದು?"

ಹೀಗಾಗಿ ಹಂಚಿಕೆಯ ಕೆಲಸವನ್ನು ಸಮಯ ಗುಮಾಸ್ತರಿಗೆ ವಹಿಸಲಾಯಿತು. ಇವರು ಇಪ್ಪತ್ತೆರಡು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸಿದವರು. ಒಮ್ಮೆ ಬರೆದ ನಮೂದನ್ನು ಜೀವನದಲ್ಲಿ ಒಂದು ಸಲವೂ ತಿದ್ದಿದವರಲ್ಲ. ತಮ್ಮ ಮಗಳ ಜನ್ಮದಿನಾಂಕ ತಪ್ಪು ಬರೆದಾಗಲೂ ತಿದ್ದದೆ, ಆ ತಪ್ಪು ದಿನವೇ ಹುಟ್ಟುಹಬ್ಬ ಮಾಡುತ್ತ ಬಂದವರು. ಇವರು ಕ್ರೀಡಾಂಗಣಕ್ಕೆ ಹೋಗಿ ಅಲ್ಲಿನ ಆಟದ ಗಡಿಯಾರವನ್ನು ಒಂದು ಪೂರ್ತಿ ಪಂದ್ಯ ನೋಡಿ, ಮುಖ ಬಿಳಿಚಿಕೊಂಡು ವಾಪಸು ಬಂದರು.

"ಸರ್, ಆ ಗಡಿಯಾರ ಸೀಟಿ ಊದಿದ ಕೂಡಲೇ ನಿಂತುಬಿಡುತ್ತೆ. ಮತ್ತೆ ಅವರಿಗೆ ಬೇಕಾದಾಗ ಹೊರಡುತ್ತೆ. ನಲವತ್ತು ನಿಮಿಷ ಅಂತ ಬರ್ಕೊಂಡಿದ್ದಾರೆ, ನನ್ನ ಕೈಗಡಿಯಾರದಲ್ಲಿ ಎಂಬತ್ತಾಯ್ತು."

"ಅಂಗಡಿಯವನ ತಕ್ಕಡಿ ಹೀಗೆ ಬೇಕಾದಾಗ ನಿಂತು ಬೇಕಾದಾಗ ಆಡಿದ್ರೆ ಏನು ಮಾಡ್ತೀವಿ?"

"ಜಪ್ತಿ ಮಾಡ್ತೀವಿ ಸರ್."

ಗಡಿಯಾರವು ಕ್ರೀಡಾಂಗಣದ ಆಸ್ತಿಯಾದ್ದರಿಂದ ಜಪ್ತಿ ಸಾಧ್ಯವಾಗಲಿಲ್ಲ. ಆದರೆ ಮುದ್ರೆಯಿಲ್ಲದ ಉಪಕರಣವನ್ನು ಮಾನ್ಯ ಮಾಡಲೂ ಬರುವುದಿಲ್ಲ. ಕಚೇರಿಯ ವರಾಂಡದಲ್ಲಿದ್ದ, ಮಂಡಳಿಯ ಮುದ್ರೆಯುಳ್ಳ ಗೋಡೆ ಗಡಿಯಾರವನ್ನು ಇಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಕ್ರೀಡಾಂಗಣದಲ್ಲಿ ಪ್ರೇಕ್ಷಕರ ಎದುರಿನ ಗೋಡೆಗೆ ತೂಗುಹಾಕಲಾಯಿತು. ಮರುದಿನ ಸುತ್ತೋಲೆ ಹೊರಬಿತ್ತು:

"ವಿಷಯ: ಯುವ ಫಾರ್ವರ್ಡ್‌ಗಳ ನಡುವೆ ಆಟದ ಸಮಯದ ಸಮಾನ ಹಂಚಿಕೆಯ ಬಗ್ಗೆ. ಪಂದ್ಯವು ಸಂಜೆ ನಾಲ್ಕು ಗಂಟೆಗೆ ಪ್ರಾರಂಭವಾಗಿ ಐದು ಇಪ್ಪತ್ತಕ್ಕೆ ಮುಕ್ತಾಯವಾಗತಕ್ಕದ್ದು. ಸದರಿ ಎಂಬತ್ತು ನಿಮಿಷಗಳನ್ನು ಐವರಿಗೆ ತಲಾ ಹದಿನಾರರಂತೆ ಪಾಳಿ ಮಾಡಿ ಹಂಚಲಾಗಿದೆ. ತನ್ನ ಪಾಳಿಯಲ್ಲಿ ಆಡಿದವನು ಆಡಿದಂತೆಯೇ. ಯಾವುದೇ ಕಾರಣದಿಂದ ಆಡಲಾಗದವನೂ ಆಡಿದಂತೆಯೇ. ಪಾಳಿ ಮೀರಿ ಅಂಕಣದಲ್ಲಿ ಕಂಡುಬಂದವನು ಅಲ್ಲಿ ಇಲ್ಲವೆಂದೇ ಭಾವಿಸತಕ್ಕದ್ದು."

ಮೊದಲ ಪಾಳಿ, ಅಂದರೆ ನಾಲ್ಕರಿಂದ ನಾಲ್ಕು ಹದಿನಾರರವರೆಗಿನದು, ಗೌರವದ ಪಾಳಿ. ಅದನ್ನು ಏಣಿಗೆ ಕೊಡಲಾಯಿತು. ಆ ವೇಳೆಯಲ್ಲಿ ಮುಖ್ಯ ಅತಿಥಿಗಳ ಭಾಷಣವಿರುತ್ತದೆ ಎಂಬುದು ಮಂಡಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಸುತ್ತೋಲೆಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲ ಪಂದ್ಯದ ದಿನ ನಾಲ್ಕು ಹೊಡೆಯಿತು. ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದು ಅದನ್ನು ಎರಡು ಸಲ ತಟ್ಟಿದರು. ಗುಮಾಸ್ತರು ಬೆಂಚಿನ ಬಳಿ ಬಂದು ಏಣಿಯ ಹೆಗಲು ಮುಟ್ಟಿದರು.

"ಏಳಿಪ್ಪ, ನಿಮ್ಮ ಪಾಳಿ ಶುರುವಾಯ್ತು."

"ಸರ್, ಭಾಷಣ ನಡೀತಿದೆ."

"ನಡೀಲಿ. ಅದು ಅವರ ಕಾರ್ಯಕ್ರಮ. ಇದು ನಿಮ್ಮದು."

"ಎದುರು ತಂಡ ಇನ್ನೂ ಷೂ ಹಾಕ್ಕೊಳ್ತಾ ಇದೆ. ಚೆಂಡು ಬಂದಿಲ್ಲ."

"ಚೆಂಡಿನ ವಿಚಾರ ನನ್ನ ವಹೀಲಿ ಇಲ್ಲ. ನಾನು ಸಮಯ ಗುಮಾಸ್ತ. ನಿಂತ್ಕೊಂಡ್ರೂ ಆಯ್ತು, ಕೂತ್ಕೊಂಡ್ರೂ ಆಯ್ತು, ನಾಲ್ಕು ಹದಿನಾರಕ್ಕೆ ಬಂದು ಸಹಿ ಹಾಕಿ."

ಏಣಿ ನಿಂತುಕೊಂಡ. ಹದಿನಾರು ನಿಮಿಷ ನಿಂತಿದ್ದು, ಭಾಷಣ ಮುಗಿದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಸಹಿ ಹಾಕಿ ಕುಳಿತ. ಆಮೇಲೆ ಚೆಂಡು ಬಂತು. ಅಧ್ಯಕ್ಷರ ತಂಗಿಯ ಮಗ ಎರಡನೇ ಪಾಳಿಗೆ ಅಂಕಣಕ್ಕಿಳಿದು, ಏಳು ಸಲ ಎಸೆದು ಏಳು ಸಲವೂ ತಪ್ಪಿಸಿ, ಮೂರು ಸಲ ಎದುರಾಳಿಯ ಕಾಲಿನ ಮೇಲೆ ಬಿದ್ದು, ಚೆಂಡನ್ನು ಸೌಜನ್ಯದಿಂದ ಅವರ ಕೈಗೇ ಕೊಟ್ಟು ಬಂದ. ಉಳಿದ ಮೂವರೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ನಡೆದರು. ಐದು ಇಪ್ಪತ್ತಕ್ಕೆ ಎಲ್ಲರ ಪಾಳಿಯೂ ಮುಗಿಯಿತು. ಪಂದ್ಯ ಮಾತ್ರ ಐದು ಮೂವತ್ತಾರರವರೆಗೆ ನಡೆಯಿತು. ಆ ಹೆಚ್ಚುವರಿ ಹದಿನಾರು ನಿಮಿಷ ಎಲ್ಲಿಂದ ಬಂತೆಂಬುದು ಗುಮಾಸ್ತರಿಗೆ ಇಂದಿಗೂ ಬಗೆಹರಿದಿಲ್ಲ. ಅಷ್ಟು ಹೊತ್ತು ನಮ್ಮವರು ನಾಲ್ವರೇ ಆಡಿದರು.

"ಆ ಹದಿನಾರು ನಿಮಿಷ ಈ ಹುಡುಗನಿಗೆ ಕೊಡಿ ಸರ್. ಹೇಗೂ ಖಾಲಿ ಬಿದ್ದಿದೆ," ಎಂದು ಕೋಚ್ ಅಧ್ಯಕ್ಷರ ಕೋಣೆಗೆ ಹೋಗಿ ಕೇಳಿಕೊಂಡರು.

"ಹಂಚದೇ ಇರೋ ಸಮಯ ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದನ್ನ ನಾನು ಹೇಗ್ರೀ ಕೊಡಲಿ?"

"ಸರ್, ಐದು ಜನರಲ್ಲಿ ಬುಟ್ಟಿ ಎಲ್ಲಿದೆ ಅಂತ ಗೊತ್ತಿರೋನು ಅವನೊಬ್ಬನೇ. ಒಂದು ಚೆಂಡು ಮುಟ್ಟದೆ ಹದಿನಾರು ನಿಮಿಷ ಆಡಿದ ಅಂತ ಸಹಿ ಹಾಕಿಸ್ಕೊಂಡಿದ್ದೀರಿ. ನಾನು ಕೋಚೋ, ಬಸ್ ನಿಲ್ದಾಣದ ಕಂಟ್ರೋಲರೋ?"

ಕೋಚ್ ಅವರ ಈ ಪ್ರಶ್ನೆಯನ್ನು ಸ್ಪಷ್ಟೀಕರಣಕ್ಕಾಗಿ ಸಿಬ್ಬಂದಿ ಶಾಖೆಗೆ ಕಳುಹಿಸಲಾಯಿತು. ಉತ್ತರ ನಿರೀಕ್ಷಿಸಲಾಗಿದೆ.

ಏಳು ಪಂದ್ಯ ಹೀಗೆ ಕಳೆದ ಮೇಲೆ ಮಧ್ಯಾವಧಿ ಪರಿಶೀಲನೆ ನಡೆಯಿತು. ಇಲ್ಲಿ ವಹಿಯ ಬಗ್ಗೆ ಒಂದು ಮಾತು ಹೇಳಬೇಕು. ಆಟಗಾರರ ಕಾರ್ಯಕ್ಷಮತಾ ವಹಿಯನ್ನು ತಕ್ಕಡಿ ಪರೀಕ್ಷೆಯ ವಹಿಯ ಮಾದರಿಯಲ್ಲೇ ಅಚ್ಚು ಹಾಕಿಸಲಾಗಿತ್ತು. ತಕ್ಕಡಿಯಲ್ಲಿ ನೋಡುವುದು ದೋಷವನ್ನು. ಸರಿಯಾಗಿ ತೂಗಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಆದ್ದರಿಂದ ವಹಿಯಲ್ಲಿ ಗುರಿ ತಪ್ಪಿದ ಎಸೆತ, ಫೌಲ್, ಕೈಬಿಟ್ಟ ಚೆಂಡು, ಇತರೆ ದೋಷ ಎಂಬ ನಾಲ್ಕು ಕಾಲಂಗಳಿದ್ದವು. ಹಾಕಿದ ಅಂಕಗಳಿಗೆ ಕಾಲಂ ಇರಲಿಲ್ಲ. ಯಾರೂ ಅದರ ಕೊರತೆಯನ್ನು ಅನುಭವಿಸಿರಲಿಲ್ಲ.

ವಹಿ ತೆರೆದಾಗ ಸದಸ್ಯರೆಲ್ಲ ಕುರ್ಚಿ ಮುಂದಕ್ಕೆಳೆದುಕೊಂಡರು. ಅಧ್ಯಕ್ಷರ ತಂಗಿಯ ಮಗನ ಹೆಸರಿನಲ್ಲಿ ತೊಂಬತ್ತೊಂದು ದೋಷಗಳಿದ್ದವು. ಉಳಿದ ಮೂವರು ಅವನ ಹಿಂದೆಯೇ ಇದ್ದರು. ಏಣಿಯ ಪುಟದಲ್ಲಿ ನೂರ ಹನ್ನೆರಡು ನಿಮಿಷಗಳ ಆಟ, ಅದರ ಮುಂದೆ ಸಾಲಾಗಿ ನಾಲ್ಕು ಸೊನ್ನೆ.

"ಒಂದು ತಪ್ಪೂ ಇಲ್ವಲ್ಲ!" ಎಂದರು ಒಬ್ಬ ಸದಸ್ಯರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು.

"ಇಪ್ಪತ್ತೆರಡು ವರ್ಷದಲ್ಲಿ ಇಂಥ ತಕ್ಕಡಿ ನೋಡಿಲ್ಲ ಸರ್," ಎಂದರು ಗುಮಾಸ್ತರು. ಅವರ ಕಣ್ಣು ತೇವವಾಗಿತ್ತು.

ಏಣಿಗೆ ಪ್ರಶಂಸಾ ಪತ್ರ ಕೊಡಲಾಯಿತು. ಅವನು ಅದನ್ನು ಮನೆಗೆ ತಂದು ಅಕ್ಕನಿಗೆ ತೋರಿಸಿದಾಗ ಅವಳು ಅದರ ಮಡಿಕೆಗಳ ಮೇಲೆ ಹಗುರಾಗಿ ಇಸ್ತ್ರಿ ಹಾಕಿ ಗೋಡೆಗೆ ಅಂಟಿಸಿದಳು. "ನೋಡ್ದ್ಯಾ, ಸುಮ್ಮನಿದ್ರೆ ಎಷ್ಟು ಒಳ್ಳೇದಾಗುತ್ತೆ," ಎಂದಳು. ಅವನು ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ, ಕೋಣೆಯ ಆ ತುದಿಯಲ್ಲಿದ್ದ ಬಕೆಟ್ಟಿಗೆ ಎಸೆದ. ಸರಿಯಾಗಿ ಹೋಗಿ ಬಿತ್ತು. ಮತ್ತೆ ತೆಗೆದು ಮತ್ತೆ ಎಸೆದ. ಊಟಕ್ಕೆ ಕರೆಯುವವರೆಗೂ ಎಸೆಯುತ್ತಲೇ ಇದ್ದ.

ಪ್ರಶಂಸಾ ಪತ್ರದ ಪರಿಣಾಮ ಮರುವಾರವೇ ಕಾಣಿಸಿತು. ನಾಲ್ವರು ಸದಸ್ಯರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ತಿಳಿಯದಂತೆ, ಒಂದೇ ಮಾತಿನಲ್ಲಿ ಗುಮಾಸ್ತರಿಗೆ ಫೋನ್ ಮಾಡಿದರು: ನಮ್ಮ ಹುಡುಗನಿಗೆ ಭಾಷಣದ ಪಾಳಿ ಬೇಕು. ಏಣಿಗೆ ಈ ಸುದ್ದಿ ತಲುಪಿದಾಗ ಅವನು ಆ ಋತುವಿನಲ್ಲಿ ಮೊದಲ ಸಲ ನಕ್ಕ. ಅಧ್ಯಕ್ಷರ ತಂಗಿಯ ಮಗನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ತಗೋ ಮಾರಾಯ, ನನ್ನದನ್ನ ನೀನೇ ತಗೋ. ನಿನ್ನದು ನನಗೆ ಕೊಡು. ಈಗಲೇ ಬರ್ಕೊಡ್ತೀನಿ."

"ನಂಗೂ ಒಪ್ಪಿಗೆನೇ ಕಣೋ. ಆ ಚೆಂಡು ಮುಖಕ್ಕೇ ಬರುತ್ತೆ ಮಾರಾಯ. ನಮ್ಮಮ್ಮ ಅಂತೂ ಮೂಗು ಹೋದ್ರೆ ಹೆಣ್ಣು ಯಾರು ಕೊಡ್ತಾರೆ ಅಂತಿದಾಳೆ. ಆದ್ರೆ ಮಾವ ಬೇರೆ ಏನೋ ಯೋಚನೆ ಮಾಡಿದ್ದಾರಂತೆ."

ಮಾವ, ಅಂದರೆ ಅಧ್ಯಕ್ಷರು, ನಿಜಕ್ಕೂ ಯೋಚಿಸಿದ್ದರು. ಒಬ್ಬರ ಪಾಳಿ ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ಉಳಿದ ಮೂವರಿಗೆ ಅನ್ಯಾಯ. ಉಳಿದ ಮೂವರ ಹಿಂದೆ ಮೂವರು ಸದಸ್ಯರು. ಸಮಾನತೆಯೇ ಹಂಚಿಕೆಯ ಮೂಲಮಂತ್ರವಾದ್ದರಿಂದ, ಪಾಳಿಗಳನ್ನು ಬದಲಿಸದೆ ಭಾಷಣವನ್ನೇ ಎಂಬತ್ತು ನಿಮಿಷಕ್ಕೆ ಹಿಗ್ಗಿಸಿ, ಐವರಿಗೂ ಅದರ ಪ್ರಯೋಜನ ಒದಗಿಸುವುದೆಂದು ತೀರ್ಮಾನವಾಯಿತು. ಒಬ್ಬರೇ ಅಷ್ಟು ಹೊತ್ತು ಮಾತಾಡುವುದು ಕಷ್ಟವೆಂದು ಐದು ಮಂದಿ ಅತಿಥಿಗಳನ್ನು ಕರೆಯಲಾಯಿತು. ಮೂರನೆಯ ಅತಿಥಿಗಳು ಎರಡನೆಯವರ ಭಾಷಣದ ಪ್ರತಿಯನ್ನೇ ಕೈಗೆತ್ತಿಕೊಂಡು ಓದಿದರು. ಯಾರೂ ಗಮನಿಸಲಿಲ್ಲವಾದ್ದರಿಂದ ಮುಂದೆ ಒಂದೇ ಪ್ರತಿ ಸಾಕೆಂದು ಕಾಗದದ ಉಳಿತಾಯಕ್ಕೆ ಆದೇಶವಾಯಿತು.

ಅಲ್ಲಿಂದ ಮುಂದೆ ಎಲ್ಲ ಸುಸೂತ್ರ. ನಾಲ್ಕರಿಂದ ಐದು ಇಪ್ಪತ್ತರವರೆಗೆ ನಮ್ಮ ಯುವ ಫಾರ್ವರ್ಡ್‌ಗಳು ಸರದಿಯ ಪ್ರಕಾರ ಬೆಂಚಿನಿಂದೆದ್ದು, ನಿಂತು, ಸಹಿ ಹಾಕಿ, ಕುಳಿತರು. ಐದು ಇಪ್ಪತ್ತಕ್ಕೆ ಪಂದ್ಯ ಆರಂಭ. ಆರಂಭಕ್ಕೆ ಐವರು ಬೇಕೇಬೇಕೆಂದು ರೆಫರಿ ಹಟ ಹಿಡಿದಾಗ ಯಾರಾದರೊಬ್ಬರು ಹೋಗಿ ನಿಲ್ಲುತ್ತಿದ್ದರು. ಸೀಟಿಯಾದ ಕೂಡಲೇ ಕಾಲು ಹಿಡಿದುಕೊಂಡು ಹೊರಬರುತ್ತಿದ್ದರು. ಹೀಗೆ ನಿಲ್ಲುವ ಹೊಣೆಯನ್ನು ಏಣಿಗೆ ಕೊಡಲು ಮಂಡಳಿ ಒಪ್ಪಲಿಲ್ಲ. ಅವನು ಹೊರಬರುವುದನ್ನು ಮರೆತಾನೆಂಬ ಭಯವಿತ್ತು.

ಪುನರ್ನಿರ್ಮಾಣದ ಪ್ರಗತಿಯನ್ನು ಅಂಕಿಗಳೇ ಹೇಳುತ್ತಿದ್ದವು. ಯುವಕರ ತಿಂಗಳ ದೋಷಗಳು ಇನ್ನೂರ ಎಪ್ಪತ್ತರಿಂದ ಸೊನ್ನೆಗೆ ಇಳಿದವು. ಪಂದ್ಯಗಳು ನಲವತ್ತು, ಐವತ್ತು ಅಂಕಗಳ ಅಂತರದಲ್ಲಿ ಕೈಬಿಟ್ಟು ಹೋಗುತ್ತಿದ್ದವು ನಿಜ. ಆದರೆ ಅವು ನಾಲ್ವರು ಹಳಬರು ಆಡಿದ ಪಂದ್ಯಗಳು.

ಕೊನೆಯ ಪಂದ್ಯದ ವಾರ ಕಾಯಂ ಆದೇಶದ ವಿಷಯ ಮೇಲೆ ಬಂತು. ನಾಲ್ವರು ಸದಸ್ಯರೂ ಉಳಿದ ಮೂವರ ಹುಡುಗರನ್ನು ಒಪ್ಪಲಿಲ್ಲ. ಯಾರ ಆಕ್ಷೇಪಣೆಯೂ ಇಲ್ಲದ ಹುಡುಗ, ಯಾರ ಕಡೆಯವನೂ ಅಲ್ಲದ ಏಣಿಯೊಬ್ಬನೇ. ಜೊತೆಗೆ ಅವನ ವಹಿ ಋತುವಿಡೀ ಶುದ್ಧ. ಆದೇಶ ಬೆರಳಚ್ಚಾಯಿತು. ಕೊನೆಯ ಪಂದ್ಯ ಮುಗಿದ ಮೇಲೆ ಅಧ್ಯಕ್ಷರ ಸಹಿಯಾಗುವುದಷ್ಟೇ ಬಾಕಿ. ಅದುವರೆಗೆ ಒಂದೇ ಒಂದು ದೋಷ ಬಿದ್ದರೂ ಆದೇಶ ರದ್ದೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಕೊನೆಯ ಪಂದ್ಯಕ್ಕೆ ಅಕ್ಕ ಬಂದಳು. ರಜ ಸಿಕ್ಕಿತ್ತು. ತಾನೇ ಇಸ್ತ್ರಿ ಹಾಕಿದ ಸೀರೆ ಉಟ್ಟು, ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬಂದು, ಬೆಂಚಿನ ಹಿಂದಿನ ಸಾಲಿನಲ್ಲಿ ಕುಳಿತಳು. ಐದು ಭಾಷಣಗಳನ್ನೂ ಕೇಳಿದಳು. ಐದನೆಯದು ಮುಗಿದು ಪಂದ್ಯ ಶುರುವಾಗಿ ಮುಕ್ಕಾಲು ಗಂಟೆ ಕಳೆದ ಮೇಲೆ ಮುಂದೆ ಬಾಗಿ ತಮ್ಮನ ಬೆನ್ನಿಗೆ ಬೆರಳಿನಿಂದ ಚುಚ್ಚಿದಳು.

"ನೀನು ಯಾವಾಗ ಆಡ್ತೀಯೋ?"

"ಆಡಿ ಆಯ್ತಕ್ಕ."

"ಯಾವಾಗ? ನಾನು ಇಲ್ಲೇ ಕೂತಿದ್ನಲ್ಲ."

"ಮೊದಲನೇ ಅತಿಥಿಗಳು ಮಾತಾಡ್ತಿದ್ರಲ್ಲ, ಆಗ."

"ಆಗ ನೀನು ಸುಮ್ಮನೆ ನಿಂತಿದ್ದೆ."

"ಹೂಂ. ಅದೇ."

ಅಕ್ಕ ಅಂಕಣದ ಕಡೆ ನೋಡಿದಳು. ನಮ್ಮ ನಾಲ್ವರು ಹಳಬರು ಎದುರಿನ ಐವರ ಹಿಂದೆ ಓಡುತ್ತಿದ್ದರು. ಕ್ಯಾಪ್ಟನ್ನರು ಓಡುವುದನ್ನು ಬಿಟ್ಟು ವೇಗವಾಗಿ ನಡೆಯುತ್ತಿದ್ದರು. ಬುಟ್ಟಿಯ ಬಳಿಯ ಜಾಗ ಖಾಲಿ ಇತ್ತು.

"ವರ್ಷ ಪೂರ್ತಿ ಹೀಗೇನಾ?"

"ಹೂಂ."

"ಆ ಕಾಗದ ಕೊಟ್ರಲ್ಲ, ಗೋಡೆಗೆ ಹಾಕಿದ್ದು..."

"ಅದಕ್ಕೇ ಕೊಟ್ಟಿದ್ದು."

ಅಕ್ಕ ಅವನ ಬೆನ್ನಿಗೆ ಇನ್ನೊಮ್ಮೆ ಚುಚ್ಚಿದಳು. "ಹೋಗೋ," ಎಂದಳು.

"ಎಲ್ಲಿಗೆ?"

"ಎಲ್ಲಿಗೆ ಅಂತೆ! ಅಲ್ಲಿ ಒಬ್ಬರ ಜಾಗ ಖಾಲಿ ಇದೆಯಲ್ಲ, ನನಗೇ ಕಾಣ್ತಿದೆ, ನಿನಗೆ ಕಾಣಲ್ವಾ? ರಜ ಹಾಕಿ ಬಂದಿದೀನಿ."

ಏಣಿ ಕೋಚ್ ಕಡೆ ತಿರುಗಿದ. ಕೋಚ್ ಅವನ ಮುಖ ನೋಡಲಿಲ್ಲ. "ನಾನು ಹೋಗು ಅಂತ ಹೇಳಲ್ಲ," ಎಂದರು ಅಂಕಣವನ್ನೇ ನೋಡುತ್ತ. "ಬೇಡ ಅಂತಲೂ ಹೇಳಲ್ಲ. ಷೂ ದಾರ ಬಿಚ್ಚಿದೆ, ಕಟ್ಕೋ." ಎದ್ದು ಕುಂಟುತ್ತ ಹೋಗಿ ಅಧಿಕಾರಿಗಳ ಮೇಜಿನ ಮುಂದೆ ಕೈಸನ್ನೆ ಮಾಡಿದರು. ರೆಫರಿಗೆ ನಮ್ಮ ಸುತ್ತೋಲೆ ಗೊತ್ತಿರಲಿಲ್ಲ. ಅವರು ಒಳಗೆ ಬಿಟ್ಟರು.

ಮುಂದಿನದನ್ನು ಸಂಕ್ಷಿಪ್ತವಾಗಿ ಹೇಳುವುದೇ ಕ್ಷೇಮ. ಗೋಡೆ ಗಡಿಯಾರದಲ್ಲಿ ಆರು ಗಂಟೆ ಹನ್ನೆರಡು ನಿಮಿಷ. ಕ್ಯಾಪ್ಟನ್ನರು ಅಭ್ಯಾಸಬಲದಿಂದ ಚೆಂಡನ್ನು ಖಾಲಿ ಜಾಗದ ಕಡೆ ಎಸೆದರು. ಈ ಸಲ ಅಲ್ಲಿ ಎರಡು ಕೈಗಳಿದ್ದವು. ಇಬ್ಬರು ಎದುರಾಳಿಗಳು ಮೇಲೆ ಬಂದರು. ಏಣಿ ಒಂದು ಭುಜ ತಗ್ಗಿಸಿ, ಒಂದು ಕಾಲಿನ ಮೇಲೆ ತಿರುಗಿ, ಎದ್ದ. ಎದ್ದವನು ಇಳಿಯಲು ಅವಸರ ಮಾಡಲಿಲ್ಲ. ಚೆಂಡು ಬುಟ್ಟಿಯ ಕಬ್ಬಿಣವನ್ನು ಎಲ್ಲಿಯೂ ಮುಟ್ಟದೆ ಬಲೆಯನ್ನಷ್ಟೇ ಸವರಿಕೊಂಡು ಕೆಳಗಿಳಿಯಿತು. ಎದುರು ತಂಡದ ಒಬ್ಬ ಹುಡುಗ, ಯೋಚಿಸದೆ, "ಆಹಾ" ಎಂದ.

ಕ್ರೀಡಾಂಗಣದಲ್ಲಿ ಒಬ್ಬಳು ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಮಂಡಳಿಯ ನಾಲ್ವರು ಸದಸ್ಯರು ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ಗುಮಾಸ್ತರು ವಹಿಯನ್ನು ಎದೆಗವಚಿಕೊಂಡು ಅಂಕಣದೊಳಗೇ ನಡೆದು ಬಂದು ಏಣಿಯ ಮೊಣಕೈ ಹಿಡಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ.

"ನೀವು ಇಲ್ಲಿಲ್ಲಪ್ಪ. ಬನ್ನಿ."

ಮೂರನೆಯ ದಿನ ವಿಚಾರಣೆ. ಅಧ್ಯಕ್ಷರ ಕೋಣೆಯಲ್ಲಿ ಮೇಜಿನ ಮೇಲೆ ಎರಡು ಕಾಗದಗಳಿದ್ದವು: ಒಂದು ಬೆರಳಚ್ಚಾದ ಕಾಯಂ ಆದೇಶ, ಇನ್ನೊಂದು ಖಾಲಿ. ಮೊದಲು ಕ್ಯಾಪ್ಟನ್ನರನ್ನು ಕರೆಯಲಾಯಿತು. ಅವರ ನಿವೃತ್ತಿಗೆ ಮೂರು ವರ್ಷವಿತ್ತು. ಚೆಂಡನ್ನು ಎಸೆದದ್ದು ಹೌದು, ಎಸೆದ ಕೂಡಲೇ ಬೆನ್ನು ತಿರುಗಿಸಿದೆ, ನಮ್ಮ ವಯಸ್ಸಿನಲ್ಲಿ ಎಸೆದ ಮೇಲೆ ನೋಡುವ ಆಸಕ್ತಿ ಇರುವುದಿಲ್ಲ ಎಂದು ಹೇಳಿಕೆ ಕೊಟ್ಟರು. ಆಮೇಲೆ ಕೋಚ್ ಬಂದರು.

"ಅವನೇ ಹಾಕಿದ್ದು ಸರ್. ನಾನೇ ಕಳಿಸಿದ್ದು. ವರ್ಷದಲ್ಲಿ ನಾನು ಮಾಡಿದ ಕೋಚಿಂಗ್ ಅಷ್ಟೇ."

"ಒಳ್ಳೇದು," ಎಂದರು ಅಧ್ಯಕ್ಷರು. "ಅವನು ಹಾಕಿದ್ದಾದ್ರೆ ಅಲ್ಲಿ ಇದ್ದ ಅಂತಾಯ್ತು. ಇದ್ದ ಅಂದ್ರೆ ಪಾಳಿ ಮೀರಿದ ದೋಷ. ದೋಷ ಬಿದ್ರೆ ಆದೇಶ ರದ್ದು. ಬರ್ಕೊಳ್ಳಲಾ?"

ಕೋಚ್ ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು.

"ಹಾಗಾದ್ರೆ ನಾನು ನೋಡಿಲ್ಲ," ಎಂದರು.

ಪ್ರೇಕ್ಷಕರ ಪೈಕಿ ಚಪ್ಪಾಳೆ ತಟ್ಟಿದವಳು ಅಕ್ಕ ಒಬ್ಬಳೇ ಆದ್ದರಿಂದ ಅವಳನ್ನೂ ಕರೆಯಲಾಗಿತ್ತು. ಲಾಂಡ್ರಿಯಿಂದ ನೇರವಾಗಿ ಬಂದಿದ್ದ ಅವಳ ಮೈಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು.

"ಆರು ಹನ್ನೆರಡಕ್ಕೆ ನೀವು ಏನು ನೋಡಿದ್ರಮ್ಮ?"

"ನೋಡಿದ್ದು ಹೇಳಿದ್ರೆ ಇವನ ಕೆಲಸ ಉಳಿಯುತ್ತಾ ಸಾರ್?"

"ಅದು ನೀವು ಏನು ನೋಡಿದ್ರಿ ಅನ್ನೋದರ ಮೇಲೆ ಹೋಗುತ್ತೆ."

ಅಕ್ಕ ತಮ್ಮನ ಕಡೆ ನೋಡಿದಳು. ಆಮೇಲೆ ಮೇಜಿನ ಮೇಲಿನ ಬೆರಳಚ್ಚಾದ ಕಾಗದದ ಕಡೆ.

"ಗಡಿಯಾರ ನೋಡ್ತಾ ಇದ್ದೆ. ಬರ್ಕೊಳ್ಳಿ. ಒಳ್ಳೇ ಗಡಿಯಾರ."

"ಮತ್ತೆ ಚಪ್ಪಾಳೆ?"

"ಅದಕ್ಕೇ ತಟ್ಟಿದ್ದು."

ಗುಮಾಸ್ತರು ತೃಪ್ತಿಯಿಂದ ಬರೆದುಕೊಂಡರು. ಈಗ ಉಳಿದದ್ದು ಎರಡು ಅಂಕಗಳ ಪ್ರಶ್ನೆ. ಚೆಂಡು ಬಿದ್ದಿರುವುದನ್ನು ರೆಫರಿ ದಾಖಲಿಸಿದ್ದರು. ಹಾಕಿದವನು ಅಲ್ಲಿರಲಿಲ್ಲವೆಂದು ಸುತ್ತೋಲೆ ಹೇಳುತ್ತಿತ್ತು. ಎರಡೂ ಸರಿಯಾದ ದಾಖಲೆಗಳು. ಮಂಡಳಿಯ ಕಟ್ಟಡದ ಹಿಂಭಾಗದಲ್ಲಿ, ಜಪ್ತಿಯಾಗಿ, ಯಾರೂ ಬಿಡಿಸಿಕೊಳ್ಳಲು ಬಾರದ ತೂಕದ ಬಟ್ಟುಗಳನ್ನು ಇಡುವ ಕೋಣೆಯೊಂದಿದೆ. ಅದರ ವಹಿಯಲ್ಲಿ, ನಾಲ್ಕು ತುಕ್ಕು ಹಿಡಿದ ಬಟ್ಟುಗಳ ಕೆಳಗೆ, "ಅಂಕಗಳು, ಎರಡು, ವಾರಸುದಾರರಿಲ್ಲ" ಎಂದು ನಮೂದಿಸಲಾಯಿತು. ಹಕ್ಕುಳ್ಳವರು ತೊಂಬತ್ತು ದಿನಗಳೊಳಗೆ ಪುರಾವೆಯೊಂದಿಗೆ ಅರ್ಜಿ ಹಾಕಿ ಪಡೆಯಬಹುದು.

ಕೊನೆಗೆ ಖಾಲಿ ಕಾಗದವನ್ನು ಗುಮಾಸ್ತರು ಭರ್ತಿ ಮಾಡಿ ಏಣಿಯ ಮುಂದಿಟ್ಟರು. ಸದರಿ ಸಮಯದಲ್ಲಿ ನಾನು ಅಂಕಣದಲ್ಲಿರಲಿಲ್ಲ, ಸದರಿ ಚೆಂಡನ್ನು ನಾನು ಹಾಕಿರುವುದಿಲ್ಲ, ಮುಂದೆಯೂ ಹಾಕುವುದಿಲ್ಲ ಎಂದಿತ್ತು. ಏಣಿ ಅದನ್ನು ಎರಡು ಸಲ ಓದಿದ.

"ಸರ್, ಚೆಂಡು ಬಿದ್ದಿದ್ದು ನಿಜ ತಾನೆ?"

"ಯಾರ್ರೀ ಇಲ್ಲ ಅಂದೋರು?" ಎಂದರು ಅಧ್ಯಕ್ಷರು ಆಶ್ಚರ್ಯದಿಂದ. "ಬಿದ್ದಿದೆ. ಬಹಳ ಚೆನ್ನಾಗಿ ಬಿದ್ದಿದೆ. ನೀವು ಹಾಕಿಲ್ಲ, ಅಷ್ಟೇ."

"ಚೆನ್ನಾಗಿ ಅಂದ್ರೆ..." ಎಂದು ಕೋಚ್ ಏನೋ ಹೇಳಹೊರಟು ನಿಲ್ಲಿಸಿದರು.

ಏಣಿ ಅಕ್ಕನ ಕಡೆ ನೋಡಿದ. ಅವಳು ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ದಾಖಲೆಗೆ ಸಿಗುವಷ್ಟು ಸ್ಪಷ್ಟವಾಗಿ ಅಲ್ಲ. ಅವನು ಸಹಿ ಹಾಕಿದ. ಅಧ್ಯಕ್ಷರು ಇನ್ನೊಂದು ಕಾಗದಕ್ಕೆ ಸಹಿ ಹಾಕಿ, ಎದ್ದು ನಿಂತು ಅವನ ಕೈ ಕುಲುಕಿದರು; ಆರಡಿ ಐದಂಗುಲದ ಕಾಯಂ ನೌಕರ ಬಾಗಿ ಕುಲುಕಿಸಿಕೊಂಡ. ಎಲ್ಲರೂ ಸಂತೋಷಪಟ್ಟರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನೂ ಸಂತೋಷದ ಲೆಕ್ಕಕ್ಕೇ ಸೇರಿಸಲಾಯಿತು.

ಹುಡುಗ ಸಹಿಯ ಕೆಳಗೆ ದಿನಾಂಕ ಬರೆಯುವುದನ್ನು ಮರೆತಿದ್ದ. ಎಲ್ಲರೂ ಹೊರಟ ಮೇಲೆ ಗುಮಾಸ್ತರು ಅದನ್ನು ಗಮನಿಸಿ, ತಾವೇ ಅಚ್ಚುಕಟ್ಟಾದ ಅಕ್ಷರದಲ್ಲಿ ತುಂಬಿದರು. ಪಂದ್ಯದ ಹಿಂದಿನ ದಿನದ ದಿನಾಂಕ: ಹಾಕುವುದಿಲ್ಲವೆಂದು ಮೊದಲೇ ಬರೆದುಕೊಟ್ಟವನು ಮರುದಿನ ಹಾಕಿರಲು ಸಾಧ್ಯವಿಲ್ಲ.